ಗೋಟೂರಿನ ಆಚೆಗೆ

ಕೊಲ್ಲಾಪುರದ ಅಂಬಾಬಾಯಿಯ ದರ್ಶನಕ್ಕೆಂದು ನಾಗನೂರಿನಿಂದ ನಾವು ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಒಂದು ಸಣ್ಣ ಬಸ್ಸು ಮಾಡಿಕೊಂಡು ಹೊರಟಿದ್ದೆವು. ಬೆಳಗಿನ ಜಾವ ಬಿಟ್ಟಿದ್ದರಿಂದ ಗೋಕಾಕ ದಾಟುವವರೆಗೆ ಎಲ್ಲರೂ ತೂಕಡಿಸುತ್ತಿದ್ದರು. ಹುಕ್ಕೇರಿ ಬಂದಾಗ ಬುತ್ತಿ ಬಿಚ್ಚಿದೆವು. ಸಂಕೇಶ್ವರ ಹತ್ತಿರವಾಗುತ್ತಿದ್ದಂತೆ ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ರೊಟ್ಟಿ ಹಿಡಿದ ಕೈಯಿಂದಲೇ ಕಿಟಕಿಯ ಆಚೆಗೆ ತೋರಿಸಿ, “ಗೋಟೂರ ಇಲ್ಲೇ ಐತಿ ನೋಡ್ರಿ. ಕಲ್ಪನಾ ಸತ್ತಿದ್ದು ಇಲ್ಲೇ” ಎಂದರು.

ಅಷ್ಟೇ ಸಾಕಾಯಿತು. ಮಲಗಿದ್ದವರೆಲ್ಲ ಎದ್ದು ಕುಳಿತರು. ಒಬ್ಬೊಬ್ಬರು ಒಂದೊಂದು ಕಥೆ ಹೇಳಿದರು. ಒಬ್ಬರ ಕಥೆಯಲ್ಲಿ ಸಾಲ, ಇನ್ನೊಬ್ಬರ ಕಥೆಯಲ್ಲಿ ಜಗಳ, ಮತ್ತೊಬ್ಬರ ಕಥೆಯಲ್ಲಿ ಪ್ರೀತಿ. ಎಲ್ಲರ ಮಾತಿನಲ್ಲೂ ತಾವೇ ಬಾಗಿಲ ಸಂದಿಯಿಂದ ನೋಡಿ ಬಂದಂಥ ಖಾತರಿ. ನಿಪ್ಪಾಣಿ ಬಂದರೂ ಆ ಮಾತು ಮುಗಿಯಲಿಲ್ಲ. ನನ್ನ ಪಕ್ಕದಲ್ಲಿ ನಮ್ಮ ಶಾಲೆಗೆ ಹೊಸದಾಗಿ ಬಂದ ಹುಡುಗಿ ಕೂತಿದ್ದಳು. ಇಪ್ಪತ್ತಾರು ವರ್ಷದವಳು, ನನ್ನ ಹಾಗೆ ಕನ್ನಡ ಕಲಿಸುವವಳು. ಆಕೆಗೂ ಎರಡು ಕಥೆ ಗೊತ್ತಿದ್ದವು. “ಆಕೆಯ ಯಾವ ಸಿನಿಮಾ ನೋಡಿದ್ದೀಯವ್ವಾ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಯಾವದೂ ಇಲ್ರಿ ಮೇಡಂ” ಎಂದಳು.

ಆ ಉತ್ತರ ದೇವಿಯ ಗುಡಿಯಲ್ಲಿ ಸಾಲಿನಲ್ಲಿ ನಿಂತಾಗಲೂ ನನ್ನನ್ನು ಬಿಡಲಿಲ್ಲ. ಒಬ್ಬ ನಟಿ ಹದಿನಾರು ವರ್ಷ ದುಡಿದು ಬಿಟ್ಟುಹೋದದ್ದು ಯಾರಿಗೂ ಬೇಡ, ಕೊನೆಯ ಒಂದು ರಾತ್ರಿ ಮಾತ್ರ ಎಲ್ಲರಿಗೂ ಬೇಕು. ನಮ್ಮ ಗೋಕಾಕ, ಹುಕ್ಕೇರಿ ಸೀಮೆಯವರಿಗಂತೂ ಆ ಸಾವು ನಮ್ಮ ಊರ ಹದ್ದಿನಲ್ಲೇ ಆದದ್ದು. ಅದರ ಮೇಲೆ ನಮಗೊಂದು ಹಕ್ಕು ಇದ್ದಂತೆ ಮಾತನಾಡುತ್ತೇವೆ. ನಾನೇನು ಸಿನಿಮಾ ವಿಮರ್ಶಕಿಯಲ್ಲ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳು. ಆದರೆ ಒಂದು ಪ್ರಬಂಧವನ್ನು ಅದರ ಕೊನೆಯ ಸಾಲು ಮಾತ್ರ ಓದಿ ತಿದ್ದಬಾರದು ಎಂಬುದಷ್ಟು ನನಗೆ ಗೊತ್ತು. ಅದಕ್ಕೇ ಈ ಬರಹ.

ಕಲ್ಪನಾ ಹುಟ್ಟಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಹುಟ್ಟು ಹೆಸರು ಶರತ್‌ಲತಾ. ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ 1963ರಲ್ಲಿ ತೆರೆಗೆ ಬಂದರು. ನಾಲ್ಕು ವರ್ಷದ ಮೇಲೆ, 1967ರಲ್ಲಿ, ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ ಬಂತು. ಅಲ್ಲಿಂದ ಕಲ್ಪನಾ ಎಂದರೆ ಬೇರೆಯೇ ಒಂದು ಹೆಸರಾಯಿತು. ‘ಹಣ್ಣೆಲೆ ಚಿಗುರಿದಾಗ’, ‘ಗೆಜ್ಜೆ ಪೂಜೆ’, ‘ಶರಪಂಜರ’ ಈ ಮೂರು ಚಿತ್ರಗಳಿಗೆ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಸಾಲಾಗಿ ಮೂರು ವರ್ಷ ಬಂತು. ಜನ ಮಿನುಗುತಾರೆ ಎಂದು ಕರೆದರು. ಆಕೆ ತೊಟ್ಟ ಉದ್ದ ತೋಳಿನ ಕುಪ್ಪಸ, ಕಟ್ಟಿದ ಎತ್ತರದ ತುರುಬು, ಸೀರೆಗೆ ಒಪ್ಪುವ ಬಳೆ, ಬೆರಳಿಗೆ ದೊಡ್ಡ ಉಂಗುರ, ಇವನ್ನೆಲ್ಲ ಊರೂರಿನ ಹುಡುಗಿಯರು ನಕಲು ಮಾಡಿದರು. ನಮ್ಮವ್ವನ ಟ್ರಂಕಿನಲ್ಲೂ ಮೊಣಕೈ ದಾಟುವ ತೋಳಿನ ಒಂದು ನೀಲಿ ಕುಪ್ಪಸವಿತ್ತು. ಅವ್ವ ಅದನ್ನು ಎಂದೂ ತೊಟ್ಟದ್ದು ನಾನು ನೋಡಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಎಪ್ಪತ್ತರ ದಶಕದ ನಡುವೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. ಕೊನೆಗೆ ನಮ್ಮ ಕಡೆಯ ಗುಡಗೇರಿ ಬಸವರಾಜ ಅವರ ನಾಟಕ ಕಂಪನಿಯೊಡನೆ ರಂಗದ ಮೇಲೆ ಬಂದರು. 1979ರ ಮೇ ತಿಂಗಳಲ್ಲಿ, ಸಂಕೇಶ್ವರದಲ್ಲಿ ನಾಟಕವಿದ್ದಾಗ, ಗೋಟೂರಿನ ಪ್ರವಾಸಿ ಮಂದಿರದಲ್ಲಿ ತೀರಿಕೊಂಡರು. ಆಗ ಆಕೆಗೆ ಮೂವತ್ತಾರು ತುಂಬಿರಲಿಲ್ಲ. ಆ ಸಾವಿನ ಬಗ್ಗೆ ನಾನು ಹೇಳುವುದು ಇಷ್ಟೇ. ಇನ್ನು ಮುಂದಿನದು ಆಕೆ ಮಾಡಿದ ಕೆಲಸದ ಮಾತು.

ಆ ಕೆಲಸವನ್ನು ನೋಡಲು ನನಗೆ ಕಲಿಸಿದವಳು ಯಾವ ಪತ್ರಿಕೆಯೂ ಅಲ್ಲ, ನನ್ನ ಚಿಕ್ಕವ್ವ. ನಮ್ಮವ್ವನ ಬೆನ್ನಿಗೆ ಬಿದ್ದ ತಂಗಿ, ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಎರಡನೆಯ ಬಾಣಂತನದಲ್ಲಿ ಆಕೆಗೆ ಬುದ್ಧಿ ಪಲ್ಲಟವಾಯಿತು. ಕೂಸಿಗೆ ಹಾಲು ಕೊಡಲೊಲ್ಲಳು, ರಾತ್ರಿಯಿಡೀ ಅಂಗಳದಲ್ಲಿ ತಿರುಗುವಳು, ಯಾರೋ ಕರೆಯುತ್ತಾರೆ ಎನ್ನುವಳು. ಮೊದಲು ದೆವ್ವ ಎಂದರು, ತಾಯತ ಕಟ್ಟಿಸಿದರು. ನಮ್ಮಜ್ಜ ಮಾತ್ರ ಗಟ್ಟಿ ಮನಸ್ಸು ಮಾಡಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದ. ಎರಡು ತಿಂಗಳಲ್ಲಿ ಚಿಕ್ಕವ್ವ ನೆಟ್ಟಗಾಗಿ ಮನೆಗೆ ಬಂದಳು.

ರೋಗ ಹೋಯಿತು, ಹೆಸರು ಹೋಗಲಿಲ್ಲ. ನಮ್ಮ ಕಡೆ ಯಾರಾದರೂ ಏನಾದರೂ ತಪ್ಪು ಮಾತಾಡಿದರೆ, “ಇವನ್ನ ಧಾರವಾಡಕ್ಕ ಕಳಸಬೇಕ” ಎಂದು ನಗುವ ರೂಢಿ ಇದೆ. ಅಷ್ಟು ಒಳ್ಳೆಯ ಊರಿನ ಹೆಸರು ನಮ್ಮ ಬಾಯಲ್ಲಿ ಹೀಗಾಗಿದೆ. ಚಿಕ್ಕವ್ವ ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಿದಳು. ಕಬ್ಬು ಕಡಿದಳು, ಎರಡು ಎಮ್ಮೆ ಸಾಕಿದಳು, ಮಗಳ ಮದುವೆ ಮಾಡಿದಳು. ಆದರೂ ಕೊನೆಯವರೆಗೂ ಆಕೆ ‘ಧಾರವಾಡಕ್ಕ ಹೋಗಿ ಬಂದಾಕಿ’. ಕೂಸನ್ನು ನೆಗೆಣ್ಣಿಯ ಹತ್ತಿರವೇ ಮಲಗಿಸುತ್ತಿದ್ದರು. ಮದುವೆ ಮನೆಯಲ್ಲಿ ಅರಿಷಿಣ ಕುಂಕುಮದ ತಾಟನ್ನು ಆಕೆಯ ಕೈಗೆ ಕೊಡುತ್ತಿರಲಿಲ್ಲ. ಆಕೆ ಜೋರಾಗಿ ನಕ್ಕರೆ ಮನೆಯವರೆಲ್ಲ ಒಮ್ಮೆಲೇ ಸುಮ್ಮನಾಗುತ್ತಿದ್ದರು. ನಗದೆ ಕೂತರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಕಲ್ಪನಾ ತೀರಿಕೊಂಡ ಮರುವರ್ಷ ಗೋಕಾಕದ ಒಂದು ಟಾಕೀಜಿನಲ್ಲಿ ‘ಶರಪಂಜರ’ ಮತ್ತೆ ಹಾಕಿದ್ದರು. ಅವ್ವ, ಚಿಕ್ಕವ್ವ, ನಾನು, ಓಣಿಯ ಇನ್ನೂ ನಾಲ್ಕು ಮಂದಿ ಹೋಗಿದ್ದೆವು. ನನಗೆ ಹತ್ತು ವರ್ಷ. ಸಿನಿಮಾ ಏನೆಂದು ತಿಳಿದಿದ್ದರೆ ಅವ್ವ ತಂಗಿಯನ್ನು ಕರೆದೊಯ್ಯುತ್ತಿರಲಿಲ್ಲವೇನೋ. ಹೆಂಗಸರ ಕಡೆಯಲ್ಲಿ ಅಳು ಶುರುವಾಯಿತು. ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ಚಿಕ್ಕವ್ವ ಅಳಲಿಲ್ಲ. ಮುಂದಿನ ಸೀಟಿನ ಹಿಂಬದಿ ಹಿಡಿದುಕೊಂಡು ಕಣ್ಣು ಪಿಳುಕಿಸದೆ ನೋಡಿದಳು. ಹೊರಗೆ ಬಂದ ಮೇಲೆ ಎಲ್ಲರೂ ಒಂದೇ ಮಾತು ಆಡುತ್ತಿದ್ದರು: ಎಂಥಾ ಚಂದ ಹುಚ್ಚಿ ಪಾರ್ಟು ಮಾಡಿದಳು ಎಂದು. ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ ಚಿಕ್ಕವ್ವ ಅವ್ವನಿಗೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: “ಆಕಿ ಹುಚ್ಚಿ ಪಾರ್ಟ ಮಾಡಲಿಲ್ಲ ಬಿಡ ಅಕ್ಕಾ. ಹುಚ್ಚಿ ಅಲ್ಲಂತ ತೋರಸಾಕ ಎಷ್ಟ ಕಷ್ಟ ಐತಿ, ಅದನ್ನ ಮಾಡಿದಳು.”

ಆ ಮಾತು ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಮನೆಗೆ ಟಿ.ವಿ. ಬಂದು ಅದೇ ಚಿತ್ರವನ್ನು ಮತ್ತೆ ನೋಡಿದಾಗ. ‘ಶರಪಂಜರ’ 1971ರಲ್ಲಿ ತೆರೆ ಕಂಡ ಚಿತ್ರ, ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಕಥೆ ನಿಮಗೆಲ್ಲ ಗೊತ್ತೇ ಇದೆ. ಕಾವೇರಿ ಎಂಬ ಗೃಹಿಣಿ. ಮೆಚ್ಚಿ ಮದುವೆಯಾದ ಗಂಡ ಸತೀಶ, ಒಳ್ಳೆಯ ಮನೆ. ಎರಡನೆಯ ಹೆರಿಗೆಯ ನಂತರ ಬುದ್ಧಿ ಕೆಡುತ್ತದೆ. ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಬಂದ ಮೇಲೆ ಮನೆ ಆಕೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಜನ ಬಿಟ್ಟುಕೊಳ್ಳುವುದಿಲ್ಲ. ಗಂಡ ಬೇರೊಬ್ಬಳ ಕಡೆಗೆ ಹೋಗಿದ್ದಾನೆ. ಕೊನೆಗೆ ಆಕೆ ಮತ್ತೆ ಅದೇ ಆಸ್ಪತ್ರೆಗೆ ಮರಳುತ್ತಾಳೆ.

ಎಲ್ಲರ ನೆನಪಿನಲ್ಲಿ ಉಳಿದದ್ದು ಕೊನೆಯ ಭಾಗ: ಚೀರಾಟ, ನಗು, ದೊಡ್ಡದಾಗಿ ತೆರೆದ ಕಣ್ಣು. ಚೀರುವುದು ಅಷ್ಟೇನೂ ಕಠಿಣವಲ್ಲ ಎಂದು ನಾನು ಹೇಳುತ್ತೇನೆ. ಶಾಲೆಯ ಗ್ಯಾದರಿಂಗಿನಲ್ಲಿ ಏಳನೆಯ ತರಗತಿಯ ಹುಡುಗಿಯೂ ಚೀರಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾಳೆ. ಕಲ್ಪನಾ ದೊಡ್ಡ ನಟಿಯಾಗಿ ಕಾಣುವುದು ಆಸ್ಪತ್ರೆಯಿಂದ ಬಂದಂದಿನಿಂದ ಮತ್ತೆ ಒಡೆಯುವ ತನಕದ ಹೊತ್ತಿನಲ್ಲಿ. ಅಲ್ಲಿ ಆಕೆಯ ಕಾವೇರಿ ಎರಡು ಕೆಲಸ ಒಟ್ಟಿಗೆ ಮಾಡುತ್ತಾಳೆ. ಒಂದು, ಮನೆಯ ಹೆಣ್ಣುಮಗಳಾಗಿ ಬದುಕುವುದು. ಇನ್ನೊಂದು, ತಾನು ಸರಿಯಾಗಿದ್ದೇನೆ ಎಂದು ಕ್ಷಣಕ್ಷಣಕ್ಕೂ ಸಾಕ್ಷಿ ಕೊಡುವುದು. ನಗುವಾಗ ಆ ನಗು ಎಷ್ಟು ಇರಬೇಕೆಂದು ಅಳೆದಂತಿರುತ್ತದೆ. ಮಾತಿನ ಕೊನೆಯಲ್ಲಿ ಎದುರಿನವರ ಮುಖವನ್ನು ಒಮ್ಮೆ ನೋಡುತ್ತಾಳೆ, ಅವರು ನಂಬಿದರೋ ಇಲ್ಲವೋ ಎಂದು. ಅಡಿಗೆಯವನು, ನೆರೆಹೊರೆಯವರು, ಹೆತ್ತ ಮಕ್ಕಳು ಎಲ್ಲರೂ ಆಕೆಗೆ ಪರೀಕ್ಷಕರು. ಪಾಸಾಗುವ ಅಂಕ ಎಷ್ಟೆಂದು ಯಾರೂ ಹೇಳಿಲ್ಲ. ನನ್ನ ಚಿಕ್ಕವ್ವ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಇದೇ ಮುಖ ಇರುತ್ತಿತ್ತು. ನಾನು ಅದನ್ನು ನೂರು ಸಲ ನೋಡಿದ್ದೆ. ಅದು ಏನೆಂದು ತಿಳಿದದ್ದು ಸಿನಿಮಾ ನೋಡಿದ ಮೇಲೆ.

ಇದೇ ಚಿತ್ರದಲ್ಲಿ ವನವಾಸ ಮುಗಿಸಿ ಬಂದ ಸೀತೆಯ ಕಥೆಯ ಹಾಡೊಂದಿದೆ, ಪಿ. ಸುಶೀಲಾ ಹಾಡಿದ್ದು, ವಿಜಯಭಾಸ್ಕರ್ ಅವರ ಸಂಗೀತ. ಹೆಂಗಸರು ಹಾಡು ಹೇಳೆಂದರೆ ಕಾವೇರಿ ಸೀತೆಯ ಕಥೆ ಹಾಡುತ್ತಾಳೆ. ಸೀತೆಯೂ ಮರಳಿ ಬಂದವಳೇ. ಆಕೆಯೂ ಸಾಕ್ಷಿ ಕೊಟ್ಟವಳೇ. ಬೆಂಕಿ ಹೊಕ್ಕು ಬಂದರೂ ಊರ ಬಾಯಿ ಮುಚ್ಚಲಿಲ್ಲ. ಹಾಡನ್ನು ಇಲ್ಲಿಟ್ಟ ಜಾಣತನ ನಿರ್ದೇಶಕರದು. ಆದರೆ ಹಾಡುವಾಗ ಕಲ್ಪನಾ ಮುಖದಲ್ಲಿ ಕಾಣುವುದು ಒಬ್ಬ ಹೆಣ್ಣುಮಗಳು ಹಾಡುತ್ತ ಹಾಡುತ್ತ ತನ್ನ ಕಥೆಯ ಕೊನೆಯನ್ನು ತಾನೇ ಅರಿತುಕೊಳ್ಳುವುದು. ಅದನ್ನು ಯಾರೂ ಬರೆದು ಕೊಡಲು ಬರುವುದಿಲ್ಲ.

ತ್ರಿವೇಣಿಯವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಅನಸೂಯಾ ಶಂಕರ್ ಅವರ ನಿಜ ಹೆಸರು. ಮನಶ್ಶಾಸ್ತ್ರ ಓದಿದವರು. ಹೆಣ್ಣಿನ ಮನಸ್ಸಿಗೂ ಜ್ವರ ಬರಬಹುದು, ಅದು ಪಾಪವಲ್ಲ, ದೆವ್ವವಲ್ಲ, ವಾಸಿಯಾಗುವ ರೋಗ ಎಂದು ಕನ್ನಡದ ಮನೆಮನೆಗೆ ಕಾದಂಬರಿಯ ಮೂಲಕ ಹೇಳಿದವರು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ತೀವ್ರ ತರದ ಕಾಯಿಲೆ ಬರುತ್ತದೆಂದೂ, ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆಂದೂ ಈಗ ವೈದ್ಯರು ಹೇಳುತ್ತಾರೆ. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಲ್ಪನಾ ಮೊದಲ ಚಿತ್ರ ಬಂದದ್ದೂ ಅದೇ ವರ್ಷ. ಆಮೇಲೆ ತ್ರಿವೇಣಿಯವರ ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರೂ ಕಾದಂಬರಿಗಳಿಗೆ ತೆರೆಯ ಮೇಲೆ ಮುಖ ಕೊಟ್ಟವರು ಕಲ್ಪನಾ. ಒಬ್ಬರನ್ನೊಬ್ಬರು ದಾಟಿಹೋದ ಇಬ್ಬರು ಹೆಣ್ಣುಮಕ್ಕಳು ಸೇರಿ ನಮಗೆ ಕಾವೇರಿಯನ್ನು ಕೊಟ್ಟರು.

ಈಗ ಒಂದು ಜಗಳದ ಮಾತು. “ಕಲ್ಪನಾ ನಟಿಸಲಿಲ್ಲ, ಪಾತ್ರವೇ ಆಗಿಬಿಟ್ಟಳು, ಅದಕ್ಕೇ ಹಾಗಾಯಿತು” ಎನ್ನುವ ಮಾತನ್ನು ನೀವು ಕೇಳಿರಬೇಕು. ಹೊಗಳಿಕೆಯಂತೆ ಕಾಣುತ್ತದೆ. ನನಗೆ ಅದು ಅವಮಾನವೆನಿಸುತ್ತದೆ. ರಾಜಕುಮಾರರು ಮಯೂರನ ಪಾತ್ರ ಮಾಡಿದರೆ ಅದು ಅವರ ಕಲೆ. ಕಲ್ಪನಾ ಕಾವೇರಿಯ ಪಾತ್ರ ಮಾಡಿದರೆ ಅದು ಆಕೆಯ ಸ್ವಭಾವ! ಗಂಡಸಿನದು ಅಭ್ಯಾಸ, ಹೆಂಗಸಿನದು ಹಣೆಬರಹ. ಮನೆಯಲ್ಲೂ ಹೀಗೇ ಅಲ್ಲವೇ? ಗಂಡಸು ಒಂದು ದಿನ ಅಡಿಗೆ ಮಾಡಿದರೆ ಅದು ಅವನ ಕೌಶಲ್ಯ. ನಾವು ದಿನಾ ಮಾಡಿದರೆ ಅದು ಹೆಣ್ಣಿನ ಗುಣ. ‘ಬೆಳ್ಳಿಮೋಡ’ದ ಇಂದಿರೆ, ‘ಗೆಜ್ಜೆ ಪೂಜೆ’ಯ ಚಂದ್ರಾ, ‘ಎರಡು ಕನಸು’ ಚಿತ್ರದ ಗೌರಿ ಮೂವರೂ ಒಬ್ಬಳೇ ನಟಿಯಿಂದ ಬಂದವರು. ಆದರೆ ಇಂದಿರೆ ದುಃಖವನ್ನು ನುಂಗುವ ರೀತಿ ಬೇರೆ, ಗೌರಿ ನುಂಗುವ ರೀತಿ ಬೇರೆ. ಇಂದಿರೆಗೆ ಓದಿದ ಶ್ರೀಮಂತ ಹುಡುಗಿಯ ನೆಟ್ಟ ನಿಲುವಿದೆ. ಗೌರಿಗೆ ಕೇಳದೆ ಕಟ್ಟಿದ ತಾಳಿಯನ್ನು ಹೊತ್ತ ಹೆಂಡತಿಯ ಬಾಗಿದ ಕತ್ತಿದೆ. ಇದು ಹಣೆಬರಹದಿಂದ ಬರುವುದಲ್ಲ, ಕೆಲಸದಿಂದ ಬರುವುದು.

ಹೊರದೇಶದಲ್ಲೂ ಇದೇ ಗತಿ. ಅಮೆರಿಕದ ಮರ್ಲಿನ್ ಮನ್ರೊ 1962ರಲ್ಲಿ ಮೂವತ್ತಾರನೆಯ ವಯಸ್ಸಿಗೆ ತೀರಿಕೊಂಡಳು. ಇವತ್ತಿಗೂ ಆ ಸಾವಿನ ಸುತ್ತ ಪುಸ್ತಕಗಳು ಬರುತ್ತವೆ. ಆಕೆ ಹೆಸರು ಬಂದ ಮೇಲೂ ನ್ಯೂಯಾರ್ಕಿನ ಅಭಿನಯ ಶಾಲೆಗೆ ಹೋಗಿ ಕೂತು ಕಲಿತದ್ದು, ದೊಡ್ಡ ಕಂಪನಿಯವರೊಡನೆ ಸೆಣಸಿ ತನ್ನದೇ ಚಿತ್ರ ಸಂಸ್ಥೆ ಕಟ್ಟಿದ್ದು ಎಷ್ಟು ಜನಕ್ಕೆ ಗೊತ್ತು? ಕಲಿತದ್ದು ಯಾರಿಗೂ ಬೇಡ. ಸತ್ತದ್ದು ಎಲ್ಲರಿಗೂ ಬೇಕು.

‘ಗೆಜ್ಜೆ ಪೂಜೆ’ಗೆ ಬರೋಣ. ಅದು 1969ರ ಚಿತ್ರ, ಎಂ.ಕೆ. ಇಂದಿರಾ ಅವರ ಕಾದಂಬರಿ. ದೇವದಾಸಿ ಮನೆಯಲ್ಲಿ ಹುಟ್ಟಿದ ಚಂದ್ರಾ ಎಲ್ಲರಂತೆ ಮದುವೆಯಾಗಿ ಬಾಳಬೇಕೆನ್ನುತ್ತಾಳೆ. ಮನೆಯ ಹಿರಿಯಳು ಗೆಜ್ಜೆ ಪೂಜೆ ಮಾಡಿಸಬೇಕೆನ್ನುತ್ತಾಳೆ. ಮೈಸೂರು ಕಡೆಯ ಪ್ರೇಕ್ಷಕರಿಗೆ ಇದೊಂದು ಹಳೆಯ ಕಥೆಯಾಗಿ ಕಂಡಿರಬಹುದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ನಮ್ಮ ಸೀಮೆಯವರಿಗೆ ಅದು ಪಕ್ಕದ ಓಣಿಯ ಕಥೆ. ನಮ್ಮಲ್ಲಿ ಅದನ್ನು ಮುತ್ತು ಕಟ್ಟುವುದು ಎನ್ನುತ್ತಿದ್ದರು. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ, ಚಿತ್ರ ಬಂದು ಹದಿಮೂರು ವರ್ಷದ ಮೇಲೆ. ಕಾಯ್ದೆ ಆದ ಮೇಲೂ ಎಲ್ಲಾ ಒಮ್ಮೆಲೇ ನಿಲ್ಲಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ದಾಖಲೆ ಪುಸ್ತಕ ತುಂಬಿಸುತ್ತಿದ್ದೆ. ಮಕ್ಕಳನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ತಂದೆಯ ಹೆಸರು ಕೇಳುವುದು. ಒಂದು ಹುಡುಗಿ ನಿಂತಳು, ಮಾತಾಡಲಿಲ್ಲ. ನಾನು ಮತ್ತೆ ಕೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂರನೆಯ ಸಲ ಕೇಳುವಷ್ಟು ಬುದ್ಧಿಗೇಡಿಯಾಗಿದ್ದೆ ನಾನು. ಆಗ ಆ ಹುಡುಗಿ ತಲೆ ಬಗ್ಗಿಸಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ತಾಯಿಯ ಹೆಸರು ಹೇಳಿ ಕೂತಳು. ‘ಗೆಜ್ಜೆ ಪೂಜೆ’ಯಲ್ಲಿ ಚಂದ್ರಾಳ ಸಂಕಟವೆಲ್ಲ ನಿಂತಿರುವುದು ಆ ಒಂದು ಕಲಮಿನ ಮೇಲೆ: ತಂದೆಯ ಹೆಸರು. ಕಲ್ಪನಾ ಅದನ್ನು ಕರುಣೆ ಬೇಡುವವಳಂತೆ ಮಾಡಲಿಲ್ಲ. ತನಗೆ ಬರಬೇಕಾದದ್ದನ್ನು ಕೇಳುವವಳಂತೆ ಮಾಡಿದಳು. ನಮ್ಮ ತರಗತಿಯ ಹುಡುಗಿಯ ಕಣ್ಣನ್ನು ನಾನು ಅಲ್ಲಿ ಕಂಡೆ. ಆಮೇಲೆ ನಾನು ಆ ಪ್ರಶ್ನೆಯನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ಕೇಳಿಲ್ಲ. ಒಂದು ಸಿನಿಮಾದಿಂದ ಇಷ್ಟು ಕಲಿತರೆ ಸಾಲದೇ?

ಆದರೂ ಚಿತ್ರದ ಮೇಲೆ ನನಗೊಂದು ತಕರಾರಿದೆ. ಚಂದ್ರಾ ಕೊನೆಯಲ್ಲಿ ಸಾಯುತ್ತಾಳೆ. ಕಾವೇರಿ ಕೊನೆಯಲ್ಲಿ ಆಸ್ಪತ್ರೆಗೆ ಹೋಗುತ್ತಾಳೆ. ಪ್ರೇಕ್ಷಕರು ಅತ್ತು ಹಗುರಾಗಿ ಮನೆಗೆ ಹೋಗುತ್ತಾರೆ. ಚಂದ್ರಾ ಬದುಕಿ ಉಳಿದು ನಮ್ಮ ಓಣಿಯಲ್ಲಿ ಮನೆ ಹಿಡಿದಿದ್ದರೆ ಅವಳ ಮನೆಯ ಅರಿಷಿಣ ಕುಂಕುಮಕ್ಕೆ ನಾವು ಹೋಗುತ್ತಿದ್ದೆವೇ? ಈ ಕಷ್ಟದ ಪ್ರಶ್ನೆಯನ್ನು ಸಾವು ತಪ್ಪಿಸಿಬಿಡುತ್ತದೆ. ನನ್ನ ಚಿಕ್ಕವ್ವ ಸಾಯಲೂ ಇಲ್ಲ, ಮತ್ತೆ ಆಸ್ಪತ್ರೆಗೆ ಹೋಗಲೂ ಇಲ್ಲ. ಸುಮ್ಮನೆ ಮೂವತ್ತು ವರ್ಷ ನಮ್ಮ ನಡುವೆ ಇದ್ದಳು. ಅಂಥ ಕಥೆಗೆ ಸಿನಿಮಾದಲ್ಲಿ ಕೊನೆಯ ದೃಶ್ಯವಿಲ್ಲ.

ಅದಕ್ಕೇ ನನಗೆ ‘ಬೆಳ್ಳಿಮೋಡ’ ಮತ್ತು ‘ಹಣ್ಣೆಲೆ ಚಿಗುರಿದಾಗ’ ಹೆಚ್ಚು ಬೇಕಾದವು. ‘ಬೆಳ್ಳಿಮೋಡ’ದಲ್ಲಿ ಆಸ್ತಿಗೆ ಒಬ್ಬಳೇ ವಾರಸುದಾರಳೆಂದು ಇಂದಿರೆಯನ್ನು ಒಪ್ಪಿದ ಮೋಹನ, ಆಕೆಗೆ ತಮ್ಮ ಹುಟ್ಟಿದ ಮೇಲೆ ಬೇಡವೆನ್ನುತ್ತಾನೆ. ಅಪಘಾತವಾಗಿ ಬಿದ್ದಾಗ ಅದೇ ಇಂದಿರೆ ಅವನ ಸೇವೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಯಾಗು ಎನ್ನುತ್ತಾನೆ. ನಮ್ಮ ಎಲ್ಲ ವ್ರತಕಥೆಗಳ ಪ್ರಕಾರ ಇಲ್ಲಿ ಮಂಗಳಾರತಿ ಆಗಬೇಕು. ಇಂದಿರೆ ಒಲ್ಲೆ ಎನ್ನುತ್ತಾಳೆ. ಸೇವೆ ಮಾಡಿದ್ದು ಮನುಷ್ಯತ್ವಕ್ಕೆ, ಮದುವೆಗಲ್ಲ. ಆ ಒಲ್ಲೆ ಎನ್ನುವಲ್ಲಿ ಕಲ್ಪನಾ ಮುಖದಲ್ಲಿ ಗೆದ್ದ ಹೆಮ್ಮೆಯಿಲ್ಲ, ಸೇಡು ತೀರಿಸಿಕೊಂಡ ಸುಖವೂ ಇಲ್ಲ. ತನ್ನ ಬೆಲೆ ತನಗೆ ತಿಳಿದವಳ ದಣಿವಿದೆ. 1967ರಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳು ತೆರೆಯ ಮೇಲೆ ಹೀಗೆ ಹೇಳಿದ್ದು ಸಣ್ಣ ಸಂಗತಿಯಲ್ಲ. ನಮ್ಮ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಎಸ್. ಜಾನಕಿಯವರ ದನಿಯಲ್ಲಿ ನಾಡಿಗೆಲ್ಲ ಕೇಳಿಸಿದ್ದೂ ಇದೇ ಚಿತ್ರ.

‘ಹಣ್ಣೆಲೆ ಚಿಗುರಿದಾಗ’ 1968ರಲ್ಲಿ ಬಂದದ್ದು, ಎಂ.ಆರ್. ವಿಠಲ್ ಅವರ ನಿರ್ದೇಶನ. ಎಳೆಯ ವಿಧವೆಯೊಬ್ಬಳು ಮತ್ತೆ ಬಾಳು ಕಟ್ಟಿಕೊಳ್ಳುವ ಕಥೆ. ಕಲ್ಪನಾಗೆ ಮೊದಲ ರಾಜ್ಯ ಪ್ರಶಸ್ತಿ ಬಂದದ್ದು ಇದಕ್ಕೆ. ಆದರೆ ಕಲ್ಪನಾ ಎಂದೊಡನೆ ಯಾರೂ ಇದನ್ನು ಮೊದಲು ನೆನೆಯುವುದಿಲ್ಲ. ಆಕೆ ಒಡೆದುಹೋದ ಚಿತ್ರಗಳನ್ನು ನೆನಪಿಟ್ಟೆವು, ಚಿಗುರಿದ ಚಿತ್ರವನ್ನು ಮರೆತೆವು. ಇದರಲ್ಲಿ ನಟಿಯ ತಪ್ಪೇನಿದೆ?

ತಪ್ಪುಗಳೇ ಇರಲಿಲ್ಲ ಎಂದು ನಾನು ಹೇಳಲಾರೆ. ಮಾತನ್ನು ಎಳೆದು ನಡುಗಿಸುವುದು, ಕಣ್ಣನ್ನು ಅಗಲ ಮಾಡುವುದು ಬರಬರುತ್ತ ರೂಢಿಯಾಯಿತು. ‘ಶರಪಂಜರ’ದಲ್ಲಿ ಅರ್ಥವಿದ್ದ ಕಂಪನ ಬೇರೆ ಚಿತ್ರಗಳಲ್ಲಿ ಬರಿಯ ಕಂಪನವಾಯಿತು. ‘ಶರಪಂಜರ’ದ ನಂತರ ಪುಟ್ಟಣ್ಣನವರ ಚಿತ್ರಗಳಲ್ಲಿ ಬೇರೆ ನಾಯಕಿಯರು ಬಂದರು, ಕಲ್ಪನಾಗೆ ಬಂದ ಹಲವು ಪಾತ್ರಗಳು ಹಳೆಯ ಕಲ್ಪನಾಳ ನಕಲುಗಳಾಗಿದ್ದವು. ‘ಗಂಧದ ಗುಡಿ’ಯಂಥ ದೊಡ್ಡ ಚಿತ್ರದಲ್ಲಿ ಆಕೆ ನಾಯಕಿಯೆಂಬುದು ಬಿಟ್ಟರೆ ಮಾಡಲು ಹೆಚ್ಚಿನದೇನೂ ಇಲ್ಲ. ದೊರೈ-ಭಗವಾನ್ ಅವರ ‘ಎರಡು ಕನಸು’ (1974) ಮತ್ತು ‘ಬಯಲು ದಾರಿ’ (1976) ಮಾತ್ರ ಆಕೆಗೆ ತಕ್ಕ ಕೆಲಸ ಕೊಟ್ಟವು. ‘ಎರಡು ಕನಸು’ ಕೊನೆಗೂ ಹೆಂಡತಿಗೆ ತಾಳ್ಮೆಯ ಪಾಠವನ್ನೇ ಹೇಳುತ್ತದಾದರೂ, ಗಂಡ ನೋಡದ ಹೆಂಡತಿಯ ಮನೆಗೆಲಸ ಹೇಗಿರುತ್ತದೆ ಎಂಬುದನ್ನು ಕಲ್ಪನಾ ಅದರಲ್ಲಿ ತೋರಿಸಿದ್ದಾರೆ. ಎಪ್ಪತ್ತರ ದಶಕದಲ್ಲಿ ಆಕೆಯಿನ್ನೂ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಆ ವಯಸ್ಸಿನಲ್ಲಿ ನಾಯಕ ನಟನೊಬ್ಬನ ವೃತ್ತಿ ಶುರುವಾಗುತ್ತದೆ.

ಸಿನಿಮಾದವರು ಬಿಟ್ಟಾಗ ಆಕೆ ನಾಟಕ ಕಂಪನಿಗೆ ಬಂದದ್ದನ್ನು ಜನ ಇಳಿಗತಿ ಎಂದರು. ನಮ್ಮ ಸೀಮೆಯವರು ಹಾಗೆನ್ನಬಾರದು. ಕುಲಗೋಡ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತ ನಮ್ಮ ಮಣ್ಣಿನದು. ಗಂಡಸರೇ ಸೀರೆ ಉಟ್ಟು ಕುಣಿಯುತ್ತಿದ್ದ ಆ ಆಟದಲ್ಲಿ ಹೆಣ್ಣಾಗಿ ನಿಂತು ಹೆಸರು ಮಾಡಿದ ಕೌಜಲಗಿ ನಿಂಗಮ್ಮ ನಮ್ಮ ಪಕ್ಕದ ಊರಿನವಳು. ರಂಗದ ಮೇಲೆ ನಿಂತ ಹೆಣ್ಣನ್ನು ರಾತ್ರಿ ನೋಡಿ ಮೆಚ್ಚಿ ಹಗಲು ಬೇರೆ ಮಾತಾಡುವುದು ಆಗಿನಿಂದಲೂ ಇದೆ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರ 1939ರಲ್ಲಿ ಪ್ರಭಾತ ಕಂಪನಿಯ ‘ಮಾಣೂಸ್’ ಚಿತ್ರದಿಂದ ದೇಶಕ್ಕೆಲ್ಲ ಗೊತ್ತಾದರು, ಆಮೇಲೆ ಬಹುಕಾಲ ಮರೆವಿಗೆ ಸಂದರು. ಆದರೆ ಅವರು ಮುಪ್ಪಿನವರೆಗೆ ಬದುಕಿ ತಮ್ಮ ಕಥೆಯನ್ನು ಮರಾಠಿಯಲ್ಲಿ ತಾವೇ ಬರೆದರು. ಆಮೇಲೆ ಅವರ ಬಗ್ಗೆ ಯಾರೂ ಏನೇನೋ ಹೇಳುವುದು ಕಷ್ಟವಾಯಿತು. ಕಲ್ಪನಾಗೆ ಅಷ್ಟು ಆಯುಷ್ಯ ಸಿಗಲಿಲ್ಲ. ಆಕೆಯ ಕಥೆಯನ್ನು ಹೇಳಲು ಉಳಿದವರು ನಾವು, ಬಸ್ಸಿನಲ್ಲಿ ಬುತ್ತಿ ಬಿಚ್ಚಿ ಕೂತವರು. ನಮ್ಮ ಮಾತಿನಲ್ಲಿ ಆಕೆ ಇನ್ನೂ ಕಾವೇರಿಯೇ: ಆಕೆ ಏನು ಮಾಡಿದ್ದರೂ ನಮಗೆ ಒಂದೇ ಕಾರಣ ಕಾಣುತ್ತದೆ.

ಚಿಕ್ಕವ್ವ ತೀರಿಕೊಂಡು ಹದಿನೈದು ವರ್ಷವಾಯಿತು. ಮಣ್ಣು ಮಾಡಿ ಬಂದ ದಿನ ಸಾಂತ್ವನ ಹೇಳಲು ಬಂದ ಒಬ್ಬರು, “ಪಾಪ, ಧಾರವಾಡಕ್ಕ ಹೋಗಿ ಬಂದಿತ್ತ ಜೀವ” ಎಂದೇ ಮಾತು ಶುರು ಮಾಡಿದರು. ಅಡಿಗೆ ಮನೆಯಲ್ಲಿ ಆಕೆ ಹಾಕಿದ ಉಪ್ಪಿನಕಾಯಿಯ ಭರಣಿ ಇನ್ನೂ ಮುಗಿದಿರಲಿಲ್ಲ. ಮೂವತ್ತು ವರ್ಷದ ದುಡಿತ ಎರಡು ತಿಂಗಳ ರೋಗದ ಎದುರು ಸೋತುಹೋಯಿತು. ನಾನು ಅಂದು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು ಎಂದು ಈಗ ಅನಿಸುತ್ತದೆ.

ಅದಕ್ಕೇ ಕೊಲ್ಲಾಪುರದಿಂದ ಮರಳುವಾಗ ಬಾಯಿ ಬಿಟ್ಟೆ. ಕತ್ತಲಾಗಿತ್ತು. ಸಂಕೇಶ್ವರ ಬಂದಾಗ ಮತ್ತೆ ಅದೇ ಕಥೆ ಶುರುವಾಗುವುದರೊಳಗೆ ನಾನು ‘ಬೆಳ್ಳಿಮೋಡ’ದ ಕಥೆ ಹೇಳತೊಡಗಿದೆ. ಇಂದಿರೆ ಒಲ್ಲೆ ಎಂದಳು ಎಂದಾಗ ಹಿಂದಿನ ಸೀಟಿನಿಂದ, “ಚಲೋ ಮಾಡಿದಳು” ಎಂದು ಒಂದು ದನಿ ಬಂತು. ಗೋಟೂರು ಯಾವಾಗ ದಾಟಿತೋ ಯಾರೂ ನೋಡಲಿಲ್ಲ.

ಹತ್ತು ದಿನದ ಮೇಲೆ ನಮ್ಮ ಹೊಸ ಟೀಚರು ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದು ಕೂತಳು. ಮೊಬೈಲಿನಲ್ಲಿ ‘ಶರಪಂಜರ’ ಹುಡುಕಿ ಎರಡು ರಾತ್ರಿ ನೋಡಿದ್ದಳಂತೆ. “ಆಕಿ ಆರಾಮ ಆಗಿ ಬಂದಿರತಾಳಲ್ರಿ ಮೇಡಂ, ಮನಿಯೊಳಗ ಒಬ್ಬರರೆ ಅದನ್ನ ನಂಬಬಾರದೇನ್ರಿ?” ಎಂದಳು. ಕಣ್ಣು ಕೆಂಪಾಗಿದ್ದವು. ನಾನು ಏನೂ ಹೇಳಲಿಲ್ಲ. ಚಹದ ಕಪ್ಪು ಅವಳ ಕಡೆ ಸರಿಸಿ, ನನಗೊಬ್ಬಳು ಚಿಕ್ಕವ್ವ ಇದ್ದಳು ಎಂದು ಶುರು ಮಾಡಿದೆ.